ಕುಡಿದದ್ದು ಮೋಟಾರು

ಇಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಆಗ ಇಪ್ಪತ್ತಾರು ವರ್ಷ. ಬೆಳಗಾವಿಯ ದಂಡಿನ ಪೇಟೆ ದಾಟಿದರೆ ಒಬ್ಬ ಜಹಗೀರದಾರರ ಬಂಗಲೆ ಇತ್ತು. ಅವರ ಮೋಟಾರುಗಳನ್ನು ದುರಸ್ತಿ ಮಾಡುವ ಮಿಸ್ತ್ರಿ ನಾನು. ಅವನ್ನು ಓಡಿಸುವವನು ನನ್ನ ಗೆಳೆಯ. ನಾವಿಬ್ಬರೂ ಒಂದೇ ವಯಸ್ಸಿನವರು, ಒಂದೇ ವರ್ಷ ಆ ಬಂಗಲೆಗೆ ಬಂದವರು. ಬೇರೆ ಯಾವುದರಲ್ಲೂ ನಮಗೆ ಸಾಮ್ಯವಿರಲಿಲ್ಲ.

ನಮ್ಮದು ಊರೊಳಗಿನ ಹಳೆಯ ಜೈನ ಮನೆತನ. ಅಪ್ಪನದು ತಾಮ್ರ ಹಿತ್ತಾಳೆ ಪಾತ್ರೆಗಳ ಅಂಗಡಿ. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಊಟವಿಲ್ಲ. ಜೇನುತುಪ್ಪವನ್ನು ಕೂಡ ಮುಟ್ಟದ ಮನೆ. ಅಂಗಡಿಗೆ ಬರುತ್ತಿದ್ದ ಕಂಚುಗಾರರ ಹತ್ತಿರ ಬೆಸುಗೆ ಹಾಕುವುದನ್ನು ಕಲಿತೆ, ಆಮೇಲೆ ಹುಬ್ಬಳ್ಳಿಗೆ ಹೋಗಿ ಫಿಟ್ಟರ್ ಕೆಲಸ ಕಲಿತೆ. ಗೆಳೆಯನದು ಖಾನಾಪುರದಿಂದ ನಂದಗಡದ ಕಡೆಗೆ ಹೋಗುವಾಗ ಸಿಗುವ ಒಂದು ಸಣ್ಣ ಹಳ್ಳಿ. ಕುರಿ ಸಾಕುವವರ ಮನೆ. ಚಿಕ್ಕಂದಿನಲ್ಲಿ ಹಿಂಡು ಕಾಯುತ್ತ ಅಡ್ಡಾಡಿದವನಿಗೆ ಕಿವಿ ಬಹಳ ಚುರುಕು. ಇಂಜಿನ್ನು ಚಾಲೂ ಆದರೆ ಸಾಕು, ಕಣ್ಣು ಮುಚ್ಚಿ ನಿಂತು, "ಮೂರನೇದ್ದು ಕೆಮ್ಮಾಕತ್ತೈತಿ ನೋಡೋ" ಎನ್ನುವನು. ಬಿಚ್ಚಿ ನೋಡಿದರೆ ಮೂರನೆಯ ಸಿಲಿಂಡರಿನದೇ ತಪ್ಪು ಇರುತ್ತಿತ್ತು. ನೂರು ಕುರಿಯಲ್ಲಿ ಕೆಮ್ಮುವ ಕುರಿ ಯಾವುದೆಂದು ಕತ್ತಲೆಯಲ್ಲೇ ಹೇಳುತ್ತಿದ್ದೆ, ಇದೇನು ದೊಡ್ಡದು ಎಂದು ನಗುತ್ತಿದ್ದ.

ಅವನ ಅಪ್ಪ ಕುಡಿದು ಕುಡಿದೇ ಸತ್ತವನು. ಸತ್ತ ದಿನ ಅವನ ಅವ್ವ ಮಗನ ಅಂಗೈಗೆ ಬೀರಪ್ಪನ ಭಂಡಾರದ ಅರಿಷಿಣ ಹಾಕಿ ಕುಡಿಯುವುದಿಲ್ಲವೆಂದು ಆಣೆ ಮಾಡಿಸಿದ್ದಳು. ಆಗ ಅವನಿಗೆ ಹನ್ನೆರಡು. ಆ ಆಣೆಯನ್ನು ಅವನು ಒಂದು ದಿನವೂ ಮುರಿಯಲಿಲ್ಲ. ದಂಡಿನ ಡ್ರೈವರುಗಳ ನಡುವೆ ಎಂಟು ವರ್ಷ ಬದುಕಿದವನಿಗೆ ಇದು ಸಣ್ಣ ಮಾತಲ್ಲ.

ಒಂದು ದೀಪಾವಳಿಯ ಮುಂದೆ ಧಣಿಗಳು ಮುಂಬಯಿಯಿಂದ ಒಂದು ಹೊಸ ಗಾಡಿ ತರಿಸಿದರು. ಸಾಮಾನಿನ ರೈಲಿನ ಬಯಲು ಡಬ್ಬಿಯ ಮೇಲೆ, ತಾಡಪತ್ರಿ ಹೊದ್ದು ಬಂತು. ಬೂದು ಬಣ್ಣ, ಉದ್ದ ಮೂತಿ, ಎರಡೇ ಸೀಟು. ಸಾದಾ ಇಂಜಿನ್ನು ತನಗೆ ಬೇಕಾದ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಈ ಗಾಡಿಯ ಮೂತಿಯೊಳಗೆ ಬೇರೆಯೇ ಒಂದು ಗಾಳಿಯಂತ್ರವಿತ್ತು. ಬ್ಲೋವರ್ ಎನ್ನುತ್ತಿದ್ದರು. ಪೆಡಲನ್ನು ತಳಕ್ಕೆ ಮುಟ್ಟುವ ಹಾಗೆ ತುಳಿದರೆ ಅದು ತಿರುಗಲು ಶುರುವಾಗಿ ಗಾಳಿಯನ್ನು ಒತ್ತಿ ಒತ್ತಿ ಸಿಲಿಂಡರಿಗೆ ತುರುಕುತ್ತಿತ್ತು. ಆಗ ಗಾಡಿ ಕಿರುಚುತ್ತಿತ್ತು. ಮೊದಲ ದಿನ ಆ ದನಿ ಕೇಳಿ ದಂಡಿನ ಕುದುರೆಗಳು ಹಗ್ಗ ಕಿತ್ತುಕೊಂಡು ಓಡಿದವು. ನನ್ನ ಗೆಳೆಯನ ಕಣ್ಣಲ್ಲಿ ನೀರು ಬಂದಿತ್ತು. ಖುಷಿಗೆ.

ಖುಷಿ ಬಹಳ ದಿನ ಉಳಿಯಲಿಲ್ಲ. ಆಗ ಸಿಗುತ್ತಿದ್ದ ಪೆಟ್ರೋಲು ಆ ಒತ್ತಡವನ್ನು ತಾಳುತ್ತಿರಲಿಲ್ಲ. ಖಾನಾಪುರದ ಹಾದಿಯಲ್ಲಿ ಮಚ್ಛೆ ಊರು ದಾಟಿ ಏರಿನಲ್ಲಿ ಬ್ಲೋವರ್ ಹಚ್ಚಿದರೆ ಸಾಕು, ಒಳಗೆ ಯಾರೋ ಸುತ್ತಿಗೆಯಿಂದ ಬಡಿದ ಹಾಗೆ ಟಣಟಣ ಶಬ್ದ. ಪೆಟ್ರೋಲು ಕಿಡಿ ಹಾರುವುದಕ್ಕೆ ಮೊದಲೇ ತನ್ನಷ್ಟಕ್ಕೆ ಸಿಡಿಯುವ ಶಬ್ದ ಅದು. ನೀರು ಕುದಿದು ಹೊರಗೆ ಚೆಲ್ಲುತ್ತಿತ್ತು. ಎರಡು ತಿಂಗಳಲ್ಲಿ ಒಂದು ಪಿಸ್ಟನ್ನಿನ ತಲೆಗೆ ತೂತು ಬಿತ್ತು.

ಧಣಿಗಳು ವಿಲಾಯತಿಯ ಮೋಟಾರು ಮಾಸಿಕ ಓದುವವರು. ಅಲ್ಲಿಯ ಓಟಗಳಲ್ಲಿ ಇಂಥ ಗಾಡಿಗಳಿಗೆ ಸ್ಪಿರಿಟ್ ಹಾಕುತ್ತಾರೆಂದು ಅವರೇ ಓದಿ ಹೇಳಿದರು. "ಆಗತೈತೇನೋ ಮಿಸ್ತ್ರಿ?" ಎಂದು ಕೇಳಿದರು. ನಾನು, "ಆಗತೈತ್ರಿ ಸರಕಾರ" ಎಂದೆ. ಅದನ್ನು ಮಾಡಿ ನೋಡಬೇಕೆಂಬ ಆಸೆ ಅವರಿಗಿಂತ ನನಗೇ ಹೆಚ್ಚು ಇತ್ತು. ಇದನ್ನು ಮುಚ್ಚಿಟ್ಟು ಬರೆಯಲಾರೆ.

ಅಬಕಾರಿಯವರ ಪರವಾನಿಗೆ ತೆಗೆದು ಪೀಪಾಯಿಯಲ್ಲಿ ಸ್ಪಿರಿಟ್ ತರಿಸಿದೆವು. ಯಾರೂ ಕುಡಿಯಬಾರದೆಂದು ಅದಕ್ಕೆ ಕೆಟ್ಟ ನಾತದ ಎಣ್ಣೆ ಬೆರೆಸಿರುತ್ತಿದ್ದರು. ಅದರಲ್ಲಿ ನೀರಿನ ಅಂಶ ಜಾಸ್ತಿ. ಭಟ್ಟಿಯಿಂದ ಬಂದ ಸುಟ್ಟ ಸುಣ್ಣದ ಹರಳು ಹಾಕಿ ನಾಲ್ಕು ದಿನ ಇಟ್ಟರೆ ಸುಣ್ಣ ನೀರನ್ನು ಹೀರಿಕೊಳ್ಳುತ್ತಿತ್ತು. ಮೇಲಿನದನ್ನು ಬಟ್ಟೆಯಲ್ಲಿ ಸೋಸುತ್ತಿದ್ದೆ. ಸ್ಪಿರಿಟ್ ಪೆಟ್ರೋಲಿನ ಒಂದೂವರೆಪಟ್ಟು ಸುರಿಯಬೇಕು, ಇಲ್ಲದಿದ್ದರೆ ಬಲ ಬರುವುದಿಲ್ಲ. ಅದಕ್ಕೆ ಕಾರ್ಬ್ಯುರೇಟರಿನ ಜೆಟ್ಟುಗಳ ತೂತನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ದೊಡ್ಡದು ಮಾಡುತ್ತ ಹೋದೆ. ಒಳಗೆ ತೇಲುವ ಬೂಚಿನ ಬಿರಡೆಗೆ ಅರಗು ಬಳಿದಿದ್ದರು. ಸ್ಪಿರಿಟ್ ಆ ಅರಗನ್ನೆಲ್ಲ ಕರಗಿಸಿ ಬೂಚನ್ನು ಮುಳುಗಿಸಿತು. ಅಪ್ಪನ ಅಂಗಡಿಯ ಹಿತ್ತಾಳೆ ತಗಡು ಕತ್ತರಿಸಿ, ಬೆಸೆದು, ಟೊಳ್ಳು ಡಬ್ಬಿ ಮಾಡಿ ಅದರ ಜಾಗದಲ್ಲಿ ಕೂಡಿಸಿದೆ. ಚರ್ಮದ ವಾಶರುಗಳೂ ಸ್ಪಿರಿಟ್ಟಿಗೆ ಒಣಗಿ ಸುಕ್ಕಾಗುತ್ತಿದ್ದವು. ಅವನ್ನು ಒಂದೊಂದಾಗಿ ತೆಗೆದು ತಾಮ್ರದ್ದು ಹಾಕಿದೆ. ಎಲ್ಲವನ್ನೂ ಬದಲಿಸಿದೆ ಎಂದುಕೊಂಡಿದ್ದೆ.

ಮುಂಜಾನೆಯ ಥಂಡಿಯಲ್ಲಿ ಸ್ಪಿರಿಟ್ ಹೊತ್ತಿಕೊಳ್ಳುವುದಿಲ್ಲ. ಒಂದು ಬಟ್ಟಲು ಪೆಟ್ರೋಲು ಕುಡಿಸಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸ್ಪಿರಿಟ್ಟಿನ ನಳ ತಿರುಗಿಸಬೇಕು. ಹಾಗೆ ಮಾಡಿದ ಮೊದಲ ದಿನ ನಾವಿಬ್ಬರೂ ಮಚ್ಛೆಯ ಏರು ಹತ್ತಿದೆವು. ಅವನು ಪೆಡಲ್ ತಳಕ್ಕೆ ತುಳಿದ. ಗಾಡಿ ಕಿರುಚಿತು. ಬಡಿಯುವ ಶಬ್ದಕ್ಕಾಗಿ ನಾನು ಹಲ್ಲು ಕಚ್ಚಿ ಕಾದೆ. ಬರಲಿಲ್ಲ. ಏರು ಮುಗಿಯಿತು, ಬರಲೇ ಇಲ್ಲ. ಮೇಲೆ ನಿಲ್ಲಿಸಿ ಮುಚ್ಚಳ ತೆಗೆದರೆ ಬೇಸಿಗೆಯ ಬಿಸಿಲಲ್ಲೂ ಗಾಳಿಯ ಕೊಳವೆಯ ಮೇಲೆ ಇಬ್ಬನಿಯಂತೆ ನೀರ ಹನಿಗಳು ಕೂತಿದ್ದವು. ಅಷ್ಟು ತಣ್ಣಗೆ ಮಾಡುತ್ತಿತ್ತು ಆ ಸ್ಪಿರಿಟ್. ಅವನು ಆ ಹನಿಗಳನ್ನು ಬೆರಳಿನಿಂದ ಒರಸಿ ನನ್ನ ಹಣೆಗೆ ಹಚ್ಚಿ, "ಮಿಸ್ತ್ರಿ, ನೀ ಗೆದ್ದಿ" ಎಂದ.

ಕಷ್ಟವಿದ್ದದ್ದು ಮನೆಯಲ್ಲಿ. ಸ್ಪಿರಿಟ್ಟಿನ ವಾಸನೆ ಬಟ್ಟೆಗೆ, ಕೂದಲಿಗೆ, ಉಗುರಿಗೆ ಹತ್ತಿಬಿಡುತ್ತಿತ್ತು. ನಮ್ಮ ಅವ್ವ ನನ್ನನ್ನು ಹಿತ್ತಲ ಬಾಗಿಲಿಂದಲೇ ಕರೆದು, ಅಲ್ಲೇ ಸ್ನಾನ ಮಾಡಿಸಿ ಒಳಗೆ ಬಿಟ್ಟುಕೊಳ್ಳುತ್ತಿದ್ದಳು. ಓಣಿಯವರು ಅಪ್ಪನಿಗೆ ಏನೇನೋ ಹೇಳಿದರು. ಒಂದು ದಿನ ಅಪ್ಪ ನನ್ನನ್ನು ಎದುರು ಕೂಡಿಸಿಕೊಂಡು ಕೇಳಿದ.

"ಖರೇ ಹೇಳು. ಕುಡೀತಿಯೇನು?"

"ಇಲ್ಲಪ್ಪಾ."

ಅಪ್ಪ ನನ್ನ ಮುಖ ನೋಡಿ, "ಆತು" ಎಂದು ಎದ್ದು ಹೋದ. ಮತ್ತೆ ಆ ಮಾತು ಎತ್ತಲಿಲ್ಲ.

ಗೆಳೆಯನ ಊರಿಗೂ ಒಮ್ಮೆ ಹೋಗಿದ್ದೆ. ಅವನಿಗೆ ಹೊಸದಾಗಿ ಮದುವೆಯಾಗಿತ್ತು, ಹುಡುಗಿ ಹಲಸಿಯ ಕಡೆಯವಳು. ಬಾಗಿಲಲ್ಲೇ ಅವನ ಅವ್ವ ಮಗನ ಅಂಗಿಗೆ ಮೂಗು ಹಚ್ಚಿ ನಿಂತುಬಿಟ್ಟಳು. ಮುಖ ಕಪ್ಪಿಟ್ಟಿತು. ಅವನು ಅವಳ ಎರಡೂ ಹೆಗಲು ಹಿಡಿದು ನಕ್ಕ. "ಯವ್ವಾ, ಕುಡಿಯೂದು ಮೋಟಾರು. ನಾ ಅಲ್ಲ. ಬೇಕಾದರ ಮಿಸ್ತ್ರಿನ ಕೇಳು."

ನಾನು ಹೌದೆಂದೆ. ಅವಳು ನನ್ನ ಕಡೆ ತಿರುಗಿ, "ಗಾಡಿ ಶೆರೆ ಕುಡೀತೈತಂತ! ನೀನೂ ಇವನ ಜೋಡಿ ಸೇರೀ ಏನೋ ನನ್ನಪ್ಪಾ?" ಎಂದಳು. ನಕ್ಕಳು ನಿಜ, ಆದರೆ ಪೂರ್ತಿ ನಂಬಿದಂತೆ ಕಾಣಲಿಲ್ಲ. ನಮ್ಮ ಪದ್ಧತಿ ಗೊತ್ತಿದ್ದುದರಿಂದ ನನಗೆ ಊಟಕ್ಕೆ ಒತ್ತಾಯ ಮಾಡದೆ ಒಂದು ಚರಿಗೆ ಬಿಸಿ ಹಾಲು ಕೊಟ್ಟಳು.

ಹೋಳಿ ಮುಗಿದ ಮೇಲೆ ಧಣಿಗಳಿಗೂ ದಂಡಿನ ಒಬ್ಬ ಇಂಗ್ಲಿಷ್ ಮೇಜರನಿಗೂ ಮಾತಿಗೆ ಮಾತು ಬೆಳೆದು ಪಂತ ಬಿತ್ತು. ಬೆಳಗಾವಿಯ ದಂಡಿನ ಸುಂಕದ ನಾಕೆಯಿಂದ ಖಾನಾಪುರದ ಊರ ಬಯಲಿನ ತನಕ ಯಾರ ಗಾಡಿ ಮೊದಲು ಮುಟ್ಟುತ್ತದೆ ನೋಡೋಣ ಎಂದು. ಮೇಜರ ತನ್ನ ಗಾಡಿ ತಾನೇ ಓಡಿಸುವವನು. ಧಣಿಗಳದನ್ನು ನನ್ನ ಗೆಳೆಯ ಓಡಿಸಬೇಕು.

ಹಿಂದಿನ ದಿನ ಕಡೆಯ ಪರೀಕ್ಷೆಗೆ ಹೋಗಿ ಬಂದ ಗೆಳೆಯ ಇಳಿಯುತ್ತ ಬಲಗಾಲು ಝಾಡಿಸಿದ. "ಕಾಲಿಗೆ ಥಂಡಿ ಹತ್ತಾಕತ್ತೈತಿ ಮಾರಾಯಾ" ಎಂದ.

"ಚೈತ್ರದ ಬಿಸಲಾಗ ಥಂಡಿ? ಹೆಂಡತಿ ನೆನಪಾಗಿರಬೇಕು" ಎಂದೆ. ಇಬ್ಬರೂ ನಕ್ಕೆವು. ಗಾಳಿ ಬಡಿದು ಹಾಗಾಗಿರಬೇಕು ಎಂದುಕೊಂಡೆ. ಟಾಕಿಯೊಳಗೆ ಒತ್ತಡ ತುಂಬಲು ಡ್ರೈವರನ ಮೊಣಕಾಲ ಹತ್ತಿರ ಒಂದು ಕೈಪಂಪು ಇತ್ತು. ಅದರ ಕೆಳಗೆ ಸ್ಪಿರಿಟ್ಟಿನ ನಳ. ಆ ನಳದ ಒಳಗೆ ನನ್ನ ಕಣ್ಣು ತಪ್ಪಿ ಒಂದು ಚರ್ಮದ ವಾಶರು ಉಳಿದುಕೊಂಡಿತ್ತು. ಸ್ಪಿರಿಟ್ಟಿಗೆ ಅದು ಸುಕ್ಕಾಗಿ, ಒತ್ತಡ ಬಿದ್ದಾಗ ಹನಿಹನಿಯಾಗಿ ಅವನ ಕಾಲ ಮೇಲೆ ಸುರಿಸುತ್ತಿತ್ತು. ಸ್ಪಿರಿಟ್ ಮೈಗೆ ಬಿದ್ದರೆ ತಣ್ಣಗಾಗುತ್ತದೆ. ಇದು ಗೊತ್ತಿರಬೇಕಾದವನು ನಾನು. ಇಡೀ ಗಾಡಿಯನ್ನೇ ಸ್ಪಿರಿಟ್ಟಿನಲ್ಲಿ ತೊಳೆದಂತೆ ಅದೇ ನಾತ ಬಡಿಯುತ್ತಿದ್ದುದರಿಂದ ಮೂಗಿಗೂ ಬೇರೆ ಗೊತ್ತಾಗಲಿಲ್ಲ.

ಪಂತದ ದಿನ ನಾನು ಮುಂಜಾನೆಯ ರೈಲಿನಲ್ಲಿ ಹತಾರಿನ ಪೆಟ್ಟಿಗೆ ತೆಗೆದುಕೊಂಡು ಖಾನಾಪುರಕ್ಕೆ ಹೋದೆ. ಗಾಡಿ ಚಾಲೂ ಮಾಡುವುದು ಅವನಿಗೆ ಗೊತ್ತಿತ್ತು. ಹೊರಡುವ ಮೊದಲು ಅವನ ಬೆನ್ನು ತಟ್ಟಿದ್ದೆ. ಅವನು ಬಿಳಿ ಪಾಟಲೋನು, ಧಣಿಗಳು ಕೊಡಿಸಿದ ಬಿಳಿ ಅಂಗಿ ಹಾಕಿಕೊಂಡಿದ್ದ. ಮದುವೆಯಲ್ಲಿ ಕೂಡ ಇಷ್ಟು ಚಲೋ ಕಂಡಿರಲಿಲ್ಲ ಎಂದು ಚೇಷ್ಟೆ ಮಾಡಿದೆ.

ಬಯಲಿನಲ್ಲಿ ಸುತ್ತಣ ಹಳ್ಳಿಗಳ ಜನ ನೆರೆದಿತ್ತು. ಹಲಗೆ ಬಾರಿಸುವವರು ಬಂದಿದ್ದರು. ಧಣಿಗಳ ಕಾರಭಾರಿ ಪಟಾಕಿಯ ಸರ ಕಟ್ಟಿಸಿ ಕಾಯುತ್ತಿದ್ದ. ಸರಿಯಾಗಿ ನೆತ್ತಿಯ ಮೇಲೆ ಬಿಸಿಲು. ದೂರದಿಂದ ಮೊದಲು ಆ ಕಿರುಚು ಕೇಳಿತು. ಕಣ್ಣು ಮುಚ್ಚಿ ಕೇಳಿದೆ. ಒಂದು ಸಿಲಿಂಡರೂ ಕೆಮ್ಮುತ್ತಿರಲಿಲ್ಲ. ಧೂಳಿನಿಂದ ಬೂದು ಗಾಡಿ ಹೊರಬಂತು. ಮೇಜರನ ಗಾಡಿಯ ಸುಳಿವೇ ಇಲ್ಲ.

ಗಾಡಿ ಬಯಲಿಗೆ ಬಂದು ನಿಂತಿತು. ಹಲಗೆ ಶುರುವಾಯಿತು. ಕಾರಭಾರಿ ಗಾಡಿಯ ಪಕ್ಕದಲ್ಲೇ ಪಟಾಕಿಯ ಸರಕ್ಕೆ ಬೆಂಕಿ ಹಚ್ಚಿಸಿದ. ಹೊಗೆ, ಚೂರು ಕಾಗದ, ಕಿವಿ ಕಿತ್ತುಹೋಗುವಂಥ ಸಪ್ಪಳ. ಗೆಳೆಯ ಬಾಗಿಲು ದಾಟಿ ಕೆಳಗೆ ಜಿಗಿದ. ಜಿಗಿದವನೇ ಕುಣಿಯತೊಡಗಿದ.

ಎರಡೂ ಕೈ ಮೇಲೆತ್ತಿ, ಒಂದೊಂದು ಕಾಲು ಎತ್ತಿ ಬಡಿಯುತ್ತ, ಸುತ್ತ ತಿರುಗುತ್ತ ಕುಣಿದ. ತೊಡೆ ಬಡಿದುಕೊಂಡ. ಎದೆ ಬಡಿದುಕೊಂಡ. ಜನ ಹೋ ಎಂದಿತು. ನನ್ನ ಬಾಜೂಕಿನವನು, "ಬಘಾ, ನಾಚತೋಯ್!" ಎಂದು ಮರಾಠಿಯಲ್ಲಿ ಕೂಗಿದ. ನೋಡ್ರಿ, ಕುಣೀತಾನ ಎಂದು. ಹಲಗೆಯವರು ಅವನ ಹೆಜ್ಜೆಗೆ ತಕ್ಕಂತೆ ಬಾರಿಸತೊಡಗಿದರು. ಎಲ್ಲರೂ ನಗುತ್ತಿದ್ದರು. ನಾನೂ ನಕ್ಕೆ. ನಕ್ಕು ಚಪ್ಪಾಳೆ ತಟ್ಟಿದೆ.

ಹತ್ತು ಉಸಿರಿನಷ್ಟು ಹೊತ್ತು ಇದ್ದಿರಬಹುದು. ಆಮೇಲೆ ಅವನ ಅಂಗಿಯ ತೋಳು ಕಂಡಿತು. ಬಿಳಿಯ ತೋಳು ತಾನೇ ತಾನಾಗಿ ಕಪ್ಪಾಗುತ್ತಿತ್ತು, ಅಂಚಿನಿಂದ ಇಲ್ಲವಾಗುತ್ತ ಹೋಗುತ್ತಿತ್ತು. ತಲೆಗೂದಲು ಮುದುರಿಕೊಂಡಿತು. ಉರಿ ಇರಲಿಲ್ಲ, ಹೊಗೆ ಇರಲಿಲ್ಲ. ಅವನ ಸುತ್ತಲಿನ ಗಾಳಿ ಮಾತ್ರ ಕಾದ ಹಂಚಿನ ಮೇಲಿನ ಗಾಳಿಯಂತೆ ನಡುಗುತ್ತಿತ್ತು. ಸ್ಪಿರಿಟ್ಟಿನ ಉರಿ ನಡುಹಗಲ ಬಿಸಿಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ.

ಓಡಿದೆ. ಯಾರದೋ ಹೆಗಲ ಮೇಲಿನ ಕಂಬಳಿ ಕಿತ್ತುಕೊಂಡೆ. ಹತ್ತಿರ ಹೋಗುವಾಗ ಕಾಣದ ಗೋಡೆಯಂಥ ಸೆಕೆ ಮುಖಕ್ಕೆ ಬಡಿಯಿತು. ಅವನನ್ನು ಕೆಡವಿ, ಕಂಬಳಿ ಸುತ್ತಿ, ಎಲ್ಲಿ ಉರಿಯುತ್ತಿದೆ ಎಂದು ತಿಳಿಯದೆ ಸಿಕ್ಕಸಿಕ್ಕಲ್ಲಿ ಕೈಯಿಂದಲೇ ಬಡಿದೆ. ಅಂಗೈ ಸುಟ್ಟದ್ದು ಆಗ ಗೊತ್ತಾಗಲಿಲ್ಲ. ಹಲಗೆಯವರು ಇನ್ನೂ ಬಾರಿಸುತ್ತಿದ್ದರು. "ನಿಲ್ಲಸ್ರೋ! ನಿಲ್ಲಸ್ರೋ!" ಎಂದು ಒದರಿದೆ. ಒಬ್ಬೊಬ್ಬರಾಗಿ ಸುಮ್ಮನಾದರು.

ಧಣಿಗಳ ಇನ್ನೊಂದು ಗಾಡಿಯಲ್ಲಿ ಬೆಳಗಾವಿಯ ಆಸ್ಪತ್ರೆಗೆ ಒಯ್ದೆವು. ಮರುದಿನ ಮಧ್ಯಾಹ್ನದವರೆಗೆ ಜೀವ ಇತ್ತು. ನನ್ನ ಕೈಗಳಿಗೂ ಬಟ್ಟೆ ಸುತ್ತಿದ್ದರು. ಅವನ ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದೆ. ಹನ್ನೊಂದರ ಸುಮಾರಿಗೆ ಕಣ್ಣು ಬಿಟ್ಟ. ನನ್ನನ್ನು ಗುರುತಿಸಿದ. ದನಿ ಬಹಳ ಸಣ್ಣದಾಗಿತ್ತು, ಬಗ್ಗಿ ಕೇಳಬೇಕಾಯಿತು.

"ಒದರಿದ್ನಲ್ಲೋ... ಕೇಳಿಸಲಿಲ್ಲೇನು?"

ಸಿಟ್ಟಿನಿಂದ ಕೇಳಿದ್ದಲ್ಲ. ಕೇಳಿಸಿತೋ ಇಲ್ಲವೋ ಎಂದು ಸುಮ್ಮನೆ ತಿಳಿದುಕೊಳ್ಳಲು ಕೇಳಿದ ಹಾಗಿತ್ತು. "ಹಲಗಿ ಸಪ್ಪಳ ಇತ್ತು" ಎಂದೆ. ಅವನು ಅಷ್ಟು ಸಾಕು ಎಂಬಂತೆ ರೆಪ್ಪೆ ಆಡಿಸಿದ. ನಾನು ನಕ್ಕಿದ್ದನ್ನು ಅವನು ನೋಡಿದ್ದನೋ ಇಲ್ಲವೋ ನನಗೆ ತಿಳಿಯದು. ಅವನ ಅವ್ವ, ಹೆಂಡತಿ ಚಕ್ಕಡಿ ಮಾಡಿಕೊಂಡು ಬಂದು ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದ.

ಅದೇ ದಿನ ಸಂಜೆ ಬಂಗಲೆಯಲ್ಲಿ ಫೌಜದಾರರು ಪಂಚನಾಮೆ ಬರೆಯಲು ಕೂತರು. ಕಾರಭಾರಿಯೇ ಎಲ್ಲ ಹೇಳುತ್ತಿದ್ದ. ಧಣಿಗಳು ಒಳಗಿನಿಂದ ಹೊರಗೆ ಬರಲಿಲ್ಲ. ಕಾರಭಾರಿ ನನ್ನನ್ನು ಕರೆದು ಕೇಳಿದ.

"ಮಿಸ್ತ್ರಿ, ಅವನ ಮೈಯಿಂದ ಶೆರೆ ವಾಸನಿ ಬರತಿತ್ತೋ ಇಲ್ಲೋ?"

"ಸ್ಪಿರಿಟ್ಟಿನ ವಾಸನಿ ಬರತಿತ್ರಿ. ಅದು ಗಾಡೀದು—"

"ಬರತಿತ್ತೋ ಇಲ್ಲೋ, ಅಷ್ಟ ಹೇಳು."

"ಬರತಿತ್ರಿ."

"ಮತ್ತ ಕುಣ್ಯಾಕತ್ತಿದ್ದಾ. ಸಾವಿರ ಮಂದಿ ನೋಡ್ಯಾರ."

ಫೌಜದಾರರು ಬರೆದುಕೊಂಡರು. ಓದಿ ಹೇಳಿದರು: ಮೃತನು ಮದ್ಯಪಾನ ಮಾಡಿದ್ದು ಮೈಮೇಲೆ ಎಚ್ಚರವಿಲ್ಲದೆ ಕುಣಿಯುವಾಗ ಪಟಾಕಿಯ ಕಿಡಿ ತಾಗಿ ಸುಟ್ಟುಕೊಂಡನು. ನಿನಗೆ ಒಪ್ಪಿಗೆಯೇ ಎಂದು ನನ್ನನ್ನು ಕೇಳಿದರು. ನನ್ನ ಕೈ ಉರಿಯುತ್ತಿತ್ತು. ಎರಡು ದಿನದಿಂದ ಏನೂ ತಿಂದಿರಲಿಲ್ಲ. ಅದಕ್ಕಿಂತ ದೊಡ್ಡದು, ಆ ವಾಶರಿನ ವಿಷಯ ಆಗಲೇ ನನ್ನ ತಲೆಯಲ್ಲಿ ಎದ್ದು ಕೂತಿತ್ತು. ಮೋಟಾರಿನ ಮಾತು ಬಂದರೆ ಅದೂ ಬರುತ್ತದೆ. ನಾನು ಹೂಂ ಎಂದು ತಲೆ ಆಡಿಸಿದೆ.

ಹೊತ್ತು ಮುಳುಗುವ ಮುಂಚೆ ಮನೆ ಮುಟ್ಟಿದೆ. ನಮ್ಮ ಅವ್ವ ಹಿತ್ತಲ ಬಾಗಿಲಿಗೆ ಕರೆಯಲಿಲ್ಲ, ಮುಂಬಾಗಿಲಿಂದಲೇ ಒಳಗೆ ಕರೆದುಕೊಂಡಳು. ತುತ್ತು ಮಾಡಿ ಉಣಿಸಿದಳು. ಅಪ್ಪ ಎದುರಿಗೆ ಕೂತು ಎಲ್ಲ ಕೇಳಿದ. ನಾನು ತಲೆ ಆಡಿಸಿದ್ದನ್ನೂ ಹೇಳಿದೆ. ಅಪ್ಪ ಸಿಟ್ಟು ಮಾಡಲಿಲ್ಲ.

"ನೀ ಕುಡ್ಯಾಂಗಿಲ್ಲ ಅಂದಿ. ವಾಸನಿ ಬರತಿದ್ದರೂ ನಾ ನಂಬಿದೆ. ಯಾಕ? ನೀ ನನ್ನ ಮುಂದ ನಿಂತು ಹೇಳಿದಿ" ಎಂದ. ಆಮೇಲೆ, "ಆ ತಾಯಿಗೆ ಹೇಳಾಕ ಈಗ ಅವ ಇಲ್ಲ" ಎಂದ.

ಮೂರನೆಯ ದಿನ ಸುದ್ದಿ ಬಂತು. ಪಂಚನಾಮೆಯ ಮಾತು ಅವನ ಹಳ್ಳಿಗೆ ಮುಟ್ಟಿತ್ತು. ಮಗ ಭಂಡಾರದ ಆಣೆ ಮುರಿದ, ತನಗೆ ಸುಳ್ಳು ಹೇಳಿದ ಎಂದು ಅವ್ವ ಅಳುವುದನ್ನು ಬಿಟ್ಟು ಸುಮ್ಮನೆ ಕೂತುಬಿಟ್ಟಿದ್ದಾಳಂತೆ. ಯಾರು ಮಾತಾಡಿಸಿದರೂ, "ಅವರಪ್ಪನ ಮಗ" ಎಂದಷ್ಟೇ ಹೇಳುತ್ತಿದ್ದಳಂತೆ.

ಮರುದಿನ ಪೀಪಾಯಿಯಿಂದ ಒಂದು ಬಾಟಲಿ ಸ್ಪಿರಿಟ್ ತೆಗೆದುಕೊಂಡು ರೈಲು ಹತ್ತಿದೆ. ಖಾನಾಪುರದಲ್ಲಿ ಇಳಿದು ನಡೆದೆ. ಅವರ ಅಂಗಳ ಮುಟ್ಟಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಅವ್ವ ಜಗಲಿಯ ಮೇಲೆ ಕೂತಿದ್ದಳು. ಹೆಂಡತಿ ಬಾಗಿಲ ಮರೆಯಲ್ಲಿದ್ದಳು.

"ಯವ್ವಾ, ಅವ ಕುಡದಿರಲಿಲ್ಲ" ಎಂದೆ.

ಅವಳು ನನ್ನ ಕಡೆ ನೋಡಲಿಲ್ಲ. "ಸರಕಾರದ ಕಾಗದಕ್ಕ ನೀನೂ ಹೂಂ ಅಂದೀ ಅಂತ."

"ಅಂದೆ. ಅದು ಸುಳ್ಳು. ಒಂದು ತಾಟು ಕೊಡ್ರಿ."

ಹೆಂಡತಿ ಒಂದು ಹಿತ್ತಾಳೆ ತಾಟು ತಂದು ಅಂಗಳದಲ್ಲಿಟ್ಟಳು. ನನ್ನ ಕೈಗೆ ಬಟ್ಟೆ ಸುತ್ತಿತ್ತು, ಬಾಟಲಿಯ ಬಿರಡೆ ತೆಗೆಯಲು ಆಗಲಿಲ್ಲ. ಅದನ್ನೂ ಅವಳೇ ತೆಗೆದು ಸುರಿದಳು. ಆ ನಾತ ಎದ್ದಿತು. ಅವ್ವ ಮೂಗು ಅರಳಿಸಿದಳು. ಅವಳಿಗೆ ಆ ವಾಸನೆಯ ಗುರುತು ಸಿಕ್ಕಿತ್ತು. ಕಡ್ಡಿ ಕೊರೆಯಲು ಹೆಂಡತಿಗೆ ಹೇಳಿದೆ. ಕೊರೆದು ತಾಟಿಗೆ ಹಿಡಿದಳು. ಏನೂ ಕಾಣಲಿಲ್ಲ. ತಾಟಿನಲ್ಲಿ ನೀರು ನಿಂತಂತೆ ಸ್ಪಿರಿಟ್ ನಿಂತಿತ್ತು.

"ಹೊತ್ತಲಿಲ್ಲಲ್ರಿ" ಎಂದಳು ಹುಡುಗಿ.

"ಒಂದು ದಂಟು ಹಿಡೀರಿ ಮ್ಯಾಲ."

ಜೋಳದ ಒಣ ದಂಟನ್ನು ತಾಟಿನ ಮೇಲೆ ಹಿಡಿದಳು. ದಂಟು ಕಪ್ಪಾಗಿ, ಭುಗ್ಗೆಂದು ಹೊತ್ತಿತು. ಹುಡುಗಿ ಕೈ ಬಿಟ್ಟು ಹಿಂದಕ್ಕೆ ಸರಿದಳು. ಅವ್ವ ಜಗಲಿ ಇಳಿದು ಬಂದಳು. ಕಾಣದ ಉರಿಯ ಮೇಲೆ, ಮೊಳದೆತ್ತರದಲ್ಲಿ, ತನ್ನ ಅಂಗೈ ಒಡ್ಡಿದಳು. ಸೆಕೆ ತಾಗಿ ಹಿಂದೆಗೆದಳು. ಮತ್ತೆ ಒಡ್ಡಿದಳು.

"ಗಾಡಿಗೆ ಹಾಕೂದು ಇದ. ಅವನ ಕಾಲಾಗ ಸೋರಿತ್ತು. ಪಟಾಕಿ ಕಿಡಿ ಬಿತ್ತು. ಅವ ಕುಣೀಲಿಲ್ಲ ಯವ್ವಾ, ಉರ್ಯಾಕತ್ತಿದ್ದ. ಯಾರಿಗೂ ಕಾಣಲಿಲ್ಲ. ಸೋರಿದ್ದು ನನ್ನ ತಪ್ಪು. ಒಂದು ವಾಶರ ಬದಲ ಮಾಡೂದು ಬಿಟ್ಟಿದ್ದೆ. ಅವ ಕಾಲ ಥಂಡಿ ಅಂದರೂ ನನಗ ತಿಳೀಲಿಲ್ಲ."

ಹುಡುಗಿ ತಾಟನ್ನೇ ನೋಡುತ್ತಿದ್ದಳು. ನಿಧಾನವಾಗಿ ಕೇಳಿದಳು: "ಅವರಿಗಾದರೂ ಕಂಡಿತ್ತೇನ್ರಿ?"

ಯಾವುದು ಮೈ ಸುಡುತ್ತಿದೆ ಎಂದು ತಿಳಿಯದೆ ತೊಡೆ ಬಡಿದುಕೊಂಡದ್ದು, ಎದೆ ಬಡಿದುಕೊಂಡದ್ದು, ಸುತ್ತ ನಗುತ್ತಿದ್ದ ಮುಖಗಳ ಕಡೆ ತಿರುಗಿ ತಿರುಗಿ ನೋಡಿದ್ದು, ಎಲ್ಲ ಕಣ್ಣ ಮುಂದೆ ಬಂತು.

"ಇಲ್ಲ ತಂಗಿ. ಅವಗೂ ಕಂಡಿರಲಿಲ್ಲ."

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅವ್ವ ಅಲ್ಲೇ ತಾಟಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಒಳಗೆ ಕಟ್ಟಿದ್ದ ಅಳು ಹೊರಗೆ ಬಂತು. "ನನ್ನ ಮಗಾ ನನಗ ಸುಳ್ಳ ಹೇಳಿದ್ದಿಲ್ಲ. ಸುಳ್ಳ ಹೇಳಿದ್ದಿಲ್ಲ" ಎಂದು ಹಾಡಿಕೊಂಡು ಅತ್ತಳು. ನಾನು ದೂರ ಕೂತೆ. ಅಲ್ಲಿಗೇ ಎದ್ದು ಬಂದಿದ್ದರೆ ಆಗುತ್ತಿತ್ತೋ ಏನೋ. ಆದರೆ ಒಂದು ಮಾತು ಉಳಿದಿತ್ತು. ಅದನ್ನು ಉಳಿಸಿಕೊಂಡು ಬರಲು ನನ್ನಿಂದ ಆಗಲಿಲ್ಲ.

"ಯವ್ವಾ, ಎಲ್ಲಾರೂ ನಗಾಕತ್ತಿದ್ದರು. ನಾನೂ ನಕ್ಕೆ."

ಅವಳು ಅಳು ನಿಲ್ಲಿಸಿದಳು. ಮುಖ ಒರಸಿಕೊಂಡಳು. ನನ್ನನ್ನು ಅಂದು ಮೊದಲ ಸಲ ನೇರವಾಗಿ ನೋಡಿದಳು.

"ಹೇಳಿದ್ದು ಚಲೋ ಮಾಡಿದ್ರಿ" ಎಂದಳು. ಒಮ್ಮೆ ನನ್ನಪ್ಪಾ ಎಂದು ಕರೆದಿದ್ದ ಬಾಯಲ್ಲಿ ಈಗ ಬಹುವಚನ ಬಂದಿತ್ತು. "ನನ್ನ ಮಗನ ಮ್ಯಾಲಿನ ಕಳಂಕ ತೆಗದ್ರಿ. ನಿಮಗ ದೇವರು ಒಳ್ಳೇದ ಮಾಡಲಿ. ಆದರ ಇನ್ನ ಈ ಅಂಗಳಕ್ಕ ಬರಬ್ಯಾಡ್ರಿ. ನಿಮ್ಮ ಮಾರಿ ನೋಡಿದರ ಆ ನಗೀನ ನೆನಪಾಗತೈತಿ ನನಗ."

ಬಂದ ದಾರಿಯಲ್ಲೇ ತಿರುಗಿ ನಡೆದೆ. ಮನೆಗೆ ಹೋಗದೆ ಖಾನಾಪುರದ ತಾಲೂಕು ಕಚೇರಿಗೆ ಹೋಗಿ ಮಾಮಲೇದಾರರ ಎದುರು ನಿಂತೆ. ನನ್ನ ಮೊದಲಿನ ಒಪ್ಪಿಗೆ ತಪ್ಪೆಂದು ಹೇಳಿದೆ. ಅವರು ಸಮಾಧಾನದಿಂದ ಕೇಳಿದರು. ಗುಮಾಸ್ತ ಬರೆದುಕೊಂಡ, ಬಟ್ಟೆ ಸುತ್ತಿದ ಕೈಯಿಂದ ಗುರುತು ಮಾಡಲು ಬರದೆ ನನ್ನ ಮೊಣಕೈಗೇ ಯಾರೋ ಮಸಿ ಹಚ್ಚಿ ಕಾಗದದ ಮೇಲೆ ಒತ್ತಿಸಿದರು. ಹಳೆಯ ಕಾಗದವನ್ನು ಹರಿಯಲು ಬರುವುದಿಲ್ಲ, ನಿನ್ನ ಮಾತನ್ನು ಅದರ ಕೆಳಗೆ ಹೊಲಿದಿಡುತ್ತೇವೆ ಎಂದರು. ಎರಡೂ ಕಾಗದ ಇನ್ನೂ ಎಲ್ಲಿಯೋ ಒಂದೇ ದಾರದಲ್ಲಿ ಇರಬೇಕು. ಮೇಲಿನದನ್ನಷ್ಟೇ ಓದಿ ಮಡಿಚುವವರೇ ಹೆಚ್ಚು ಎಂಬುದು ನನಗೆ ಗೊತ್ತು.

ಬಂಗಲೆಯ ಕೆಲಸ ಅಲ್ಲಿಗೆ ಮುಗಿಯಿತು. ಧಣಿಗಳು ಕರೆಸಿ ಬಯ್ಯಲಿಲ್ಲ, ಕರೆಸಲೇ ಇಲ್ಲ. ಗಾಡಿಗೆ ಬಣ್ಣ ಸ್ವಲ್ಪ ಬೊಕ್ಕೆ ಎದ್ದದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಮಳೆಗಾಲದ ಮೊದಲು ಅದನ್ನು ಮುಂಬಯಿಗೆ ತಿರುಗಿ ಕಳಿಸಿದರೆಂದು ಕೇಳಿದೆ. ಅಂಗೈಗಳು ಮಾಯುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಬೆರಳುಗಳು ಮೊದಲಿನಂತೆ ಮಡಚಲಿಲ್ಲ. ಕೂದಲೆಳೆಯಷ್ಟು ತೂತು ಕೊರೆಯುವ ಕೆಲಸ ಮತ್ತೆ ಆಗುವಂತಿರಲಿಲ್ಲ. ಒಂದು ಹಿಟ್ಟಿನ ಗಿರಣಿಯಲ್ಲಿ ಆಯಿಲ್ ಇಂಜಿನ್ನು ನೋಡಿಕೊಳ್ಳುವ ಕೆಲಸ ಹಿಡಿದೆ. ದಿನವಿಡೀ ಒಂದೇ ತಾಳದಲ್ಲಿ ಬಡಿಯುವ ಇಂಜಿನ್ನು. ಅದಕ್ಕೆ ಯಾವ ಅವಸರವೂ ಇರಲಿಲ್ಲ.

ಹುಡುಗಿ ತವರಿಗೆ ಹೋದಳು. ಎರಡು ವರ್ಷದ ಮೇಲೆ ಅವರ ಪದ್ಧತಿಯಂತೆ ಉಡಿಕೆ ಮಾಡಿ ಮತ್ತೊಂದು ಮನೆ ಸೇರಿಸಿದರೆಂದು ತಿಳಿಯಿತು. ಕೇಳಿ ಸಮಾಧಾನವಾಯಿತು. ಸಮಾಧಾನವಾದದ್ದಕ್ಕೆ ಆ ದಿನವೆಲ್ಲ ಸಂಕಟವೂ ಆಯಿತು.

ಗೆಳೆಯನ ಅವ್ವನನ್ನು ಆಮೇಲೆ ಒಂದೇ ಸಲ ಕಂಡೆ. ಗಿರಣಿಯ ಇಂಜಿನ್ನಿಗೆ ತೊಗಲಿನ ಪಟ್ಟೆ ಕೊಳ್ಳಲು ನಂದಗಡದ ಕಡೆ ಹೋದವನು ಸಂತೆಯೊಳಗೆ ಹಾದೆ. ಗೋಣಿಯ ಮೇಲೆ ಉಣ್ಣೆಯ ಉಂಡೆಗಳನ್ನು ಹರವಿಕೊಂಡು, ಕೈಯಲ್ಲಿ ನೂಲುವ ಕದರು ತಿರುಗಿಸುತ್ತ ಕೂತಿದ್ದಳು. ಬಹಳ ಸಣ್ಣಗಾಗಿದ್ದಳು. ಇಬ್ಬರ ನಡುವೆ ಹತ್ತು ಹೆಜ್ಜೆ. ಅವಳೂ ನನ್ನನ್ನು ನೋಡಿದಳು. ಕರೆಯಲಿಲ್ಲ. ಮುಖ ತಿರುವಲೂ ಇಲ್ಲ. ಕದರು ತಿರುಗುತ್ತಲೇ ಇತ್ತು. ಹತ್ತಿರ ಹೋಗಬಹುದಿತ್ತೇನೋ. ಅದು ಅವಳ ಅಂಗಳವಲ್ಲ, ಸಂತೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಕಾಲು ಏಳಲಿಲ್ಲ. ಗಿರಾಕಿಯೊಬ್ಬಳು ಬಂದು ನಮ್ಮ ನಡುವೆ ಕೂತಳು. ಆ ಗಿರಾಕಿ ಏಳುವ ಮೊದಲೇ ನಾನು ಅಲ್ಲಿಂದ ಹೊರಟುಬಿಟ್ಟೆ.